ಕ್ಲೋಸಪ್ ಫೋಟೊ ಶಾರ್ಪ್ ಆಗಿ ಬರಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಕ್ಯಾಮೆರಾ ಹಿಡಿದು ಗಿಡದ ಮುಂದೆ ಮಂಡಿಯೂರಿ ಕೂತಿದ್ದರೆ ಯಾರಾದರೂ ಬಂದು ಮಾತಾಡಿಸಿಯೇ ಹೋಗುತ್ತಾರೆ. ಅವರಲ್ಲಿ ಎಷ್ಟೋ ಜನರ ಕುತ್ತಿಗೆಯಲ್ಲೂ ಕ್ಯಾಮೆರಾ ಇರುತ್ತದೆ. ಮೊಬೈಲ್ ತೆಗೆದು ತಮ್ಮ ಚಿತ್ರ ತೋರಿಸುತ್ತಾರೆ, "ಸಾರ್, ಇದು ಯಾಕೆ ಹೀಗೆ ಮಸುಕಾಗಿದೆ?" ಅಂತ ಕೇಳುತ್ತಾರೆ. ಆ ಪ್ರಶ್ನೆಗಳಿಗೆಲ್ಲ ಇಲ್ಲಿ ನಿಧಾನವಾಗಿ ಉತ್ತರ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಿತ್ರ ಕೆಟ್ಟಾಗ ಎಲ್ಲರಿಗೂ ಮೊದಲು ಲೆನ್ಸ್ ಮೇಲೆ ಅನುಮಾನ. ನಾನು ನೋಡಿದ ಮಟ್ಟಿಗೆ ತಪ್ಪು ಬಹಳ ಸಲ ಬೆಳಕಿನಲ್ಲಿರುತ್ತದೆ.

ಕ್ಲೋಸಪ್‌ಗೂ ಮ್ಯಾಕ್ರೊಗೂ ಏನು ವ್ಯತ್ಯಾಸ?

ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ ಮೇಲೆ ಬೀಳುವ ಬಿಂಬ ವಸ್ತುವಿನಷ್ಟೇ ದೊಡ್ಡದಾಗಿದ್ದರೆ ಅದು 1:1. ಅದನ್ನೇ ಪಕ್ಕಾ ಮ್ಯಾಕ್ರೊ ಅನ್ನುತ್ತಾರೆ. ಬಿಂಬ ಅದಕ್ಕಿಂತ ಸಣ್ಣದಿದ್ದರೆ ಬರೀ ಕ್ಲೋಸಪ್. ಹಿತ್ತಾಳೆ ಬಣ್ಣದ ಹಳೆಯ 5 ರೂಪಾಯಿ ನಾಣ್ಯ ಗೊತ್ತಲ್ವಾ? ಅದರ ಅಗಲ ಸುಮಾರು 23 ಮಿ.ಮೀ. ಫುಲ್ ಫ್ರೇಮ್, ಅಂದರೆ ಹಳೆಯ ಫಿಲ್ಮ್ ರೀಲಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್‌ನ ಎತ್ತರ 24 ಮಿ.ಮೀ. ಹಾಗಾಗಿ 1:1ರಲ್ಲಿ ಆ ನಾಣ್ಯ ಚೌಕಟ್ಟಿನ ಮೇಲಿಂದ ಕೆಳಗಿನವರೆಗೆ ತುಂಬಿಕೊಳ್ಳುತ್ತದೆ. ನಿಮ್ಮ ಲೆನ್ಸ್ ಎಷ್ಟು ಹತ್ತಿರ ಹೋಗುತ್ತದೆ ಅಂತ ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. ಅದಕ್ಕಿಂತ ಸಣ್ಣ ಸೆನ್ಸರ್ ಇರುವ ಎಪಿಎಸ್-ಸಿ ಕ್ಯಾಮೆರಾದಲ್ಲಿ 1:1ಕ್ಕೆ ಹೋದರೆ ನಾಣ್ಯದ ಅಂಚು ಹೊರಗೇ ಉಳಿಯುತ್ತದೆ.

ಕ್ಯಾಮೆರಾ ಪರದೆಯಲ್ಲಿ ಚೆನ್ನಾಗೇ ಕಾಣುತ್ತದೆ, ಕಂಪ್ಯೂಟರಿಗೆ ಹಾಕಿದರೆ ಮಸುಕು. ಯಾಕೆ?

ಮಸುಕು ಒಂದೇ ಥರದ್ದಲ್ಲ. ಜ್ವರಕ್ಕೆ ಹತ್ತು ಕಾರಣ ಇದ್ದ ಹಾಗೆ ಇದಕ್ಕೂ ಇವೆ. ಚಿತ್ರವನ್ನು ಶೇ 100ಕ್ಕೆ ಹಿಗ್ಗಿಸಿ, ಪೂರ್ತಿ ಓಡಾಡಿ ನೋಡಿ.

ಚೌಕಟ್ಟಿನ ಎಲ್ಲಾ ಕಡೆ ಗೆರೆಗಳು ಒಂದೇ ದಿಕ್ಕಿಗೆ ಎಳೆದ ಹಾಗೆ, ಎರಡೆರಡಾಗಿ ಕಂಡರೆ ನಿಮ್ಮ ಕೈ ಅಲುಗಾಡಿದೆ. ಎಲೆಯ ನರ ನೆಟ್ಟಗಿದ್ದು ಹುಳುವಿನ ಮೀಸೆ ಮಾತ್ರ ಕದಡಿದ್ದರೆ ಹುಳು ಅಲುಗಾಡಿದೆ. ಕಣ್ಣು ಮಸುಕಾಗಿ ಬೆನ್ನ ಮೇಲಿನ ಕೂದಲು ಸ್ಪಷ್ಟವಾಗಿದ್ದರೆ ಫೋಕಸ್ ಹಿಂದಕ್ಕೆ ಹೋಗಿದೆ. ಎಲ್ಲೂ ಎಳೆದ ಗುರುತಿಲ್ಲ, ಆದರೂ ಎಲ್ಲೂ ಚುರುಕಿಲ್ಲ, ತೆಳು ಬಟ್ಟೆ ಹೊದಿಸಿದ ಹಾಗಿದೆ ಅನ್ನಿಸಿದರೆ ಅಪರ್ಚರ್, ಅಂದರೆ ಲೆನ್ಸ್‌ನೊಳಗೆ ಬೆಳಕು ಬಿಡುವ ತೂತನ್ನು ಅತಿಯಾಗಿ ಮುಚ್ಚಿದ್ದೀರಿ. ಇಲ್ಲವೇ ಲೆನ್ಸ್ ಗಾಜಿನ ಮೇಲೆ ಬೆರಳ ಗುರುತೋ ಹಬೆಯೋ ಇದೆ.

ನಾಲ್ಕಕ್ಕೂ ಮದ್ದು ಬೇರೆ ಬೇರೆ. ಕೈ ಅಲುಗಾಡಿದ್ದಕ್ಕೆ ಟ್ರೈಪಾಡ್ ಸಾಕು. ಹುಳು ಅಲುಗಾಡಿದ್ದಕ್ಕೆ ಅದೇ ಟ್ರೈಪಾಡ್‌ನಿಂದ ಏನೂ ಪ್ರಯೋಜನವಿಲ್ಲ. ಅದಕ್ಕೇ ಮೊದಲು ಯಾವ ಮಸುಕು ಅಂತ ಗುರುತು ಹಿಡಿಯಿರಿ.

ಅಪರ್ಚರ್ ಎಷ್ಟಿಡಬೇಕು? ಎಫ್ 22 ಇಟ್ಟರೆ ಎಲ್ಲಾ ಶಾರ್ಪ್ ಬರುತ್ತದೆ ಅಂತಾರಲ್ಲ?

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಎಫ್ ಸಂಖ್ಯೆ ದೊಡ್ಡದಾದಷ್ಟೂ ಅಪರ್ಚರ್‌ನ ತೂತು ಸಣ್ಣದು. ಫುಲ್ ಫ್ರೇಮ್‌ನಲ್ಲಿ 1:1ಕ್ಕೆ ಹೋದಾಗ ಎಫ್ 8ರಲ್ಲಿ ಸ್ಪಷ್ಟವಾಗಿ ಬರುವ ಆಳ ಸುಮಾರು 1 ಮಿ.ಮೀ. ಮಾತ್ರ. ಒಂದು ಅಕ್ಕಿ ಕಾಳಿನ ದಪ್ಪಕ್ಕಿಂತ ಕಡಿಮೆ. ಎಫ್ 16ಕ್ಕೆ ಹೋದರೂ ಸುಮಾರು 2 ಮಿ.ಮೀ. ಅಷ್ಟೇ. ಹಾಗಾದರೆ ಎಫ್ 22, ಎಫ್ 32 ಇಡೋಣ ಅನ್ನಿಸುತ್ತದೆ. ಅಲ್ಲೇ ಎಡವುವುದು.

ಸಣ್ಣ ತೂತಿನಿಂದ ಬರುವ ಬೆಳಕು ಅಂಚಿನಲ್ಲಿ ಹರಡಿಕೊಳ್ಳುತ್ತದೆ. ಇದನ್ನು ಡಿಫ್ರಾಕ್ಷನ್ ಅನ್ನುತ್ತಾರೆ. ಮ್ಯಾಕ್ರೊದಲ್ಲಿ ಇದರ ಕಾಟ ಜಾಸ್ತಿ. ಯಾಕೆಂದರೆ 1:1ರಲ್ಲಿ ನೀವು ಇಟ್ಟ ಅಪರ್ಚರ್ ನಿಜವಾಗಿ ಕೆಲಸ ಮಾಡುವುದು ಅದರ ಎರಡರಷ್ಟು ಸಂಖ್ಯೆಯ ಹಾಗೆ. ಎಫ್ 11 ಇಟ್ಟರೆ ಎಫ್ 22ರ ಹಾಗೆ, ಎಫ್ 16 ಇಟ್ಟರೆ ಎಫ್ 32ರ ಹಾಗೆ. ಬೆಳಕೂ ಎರಡು ಸ್ಟಾಪ್, ಅಂದರೆ ಕಾಲು ಭಾಗಕ್ಕೆ ಇಳಿಯುತ್ತದೆ. ನಿಕಾನ್ ಕ್ಯಾಮೆರಾದಲ್ಲಿ ಮ್ಯಾಕ್ರೊ ಲೆನ್ಸ್ ಹತ್ತಿರಕ್ಕೆ ಹೋದಂತೆ ಈ ದೊಡ್ಡ ಸಂಖ್ಯೆಯೇ ಪರದೆಯಲ್ಲಿ ಕಾಣುತ್ತದೆ. "ನನ್ನ 2.8 ಲೆನ್ಸ್ 2.8 ತೋರಿಸ್ತಾನೇ ಇಲ್ಲ, ಕೆಟ್ಟಿದೆಯಾ?" ಅಂತ ಗಾಬರಿಯಾದವರನ್ನು ನೋಡಿದ್ದೇನೆ. ಕೆಟ್ಟಿಲ್ಲ, ಅದು ನಿಜ ಹೇಳುತ್ತಿದೆ. ಕ್ಯಾನನ್ ಕ್ಯಾಮೆರಾ ನೀವು ಇಟ್ಟ ಸಂಖ್ಯೆಯನ್ನೇ ತೋರಿಸುತ್ತದೆ, ಒಳಗೆ ಆಗುವುದು ಮಾತ್ರ ಅದೇ.

ಕೈಯಲ್ಲಿ ಹಿಡಿದು ಒಂದೇ ಚಿತ್ರ ತೆಗೆಯುವಾಗ ನಾನು ಎಫ್ 8ರಿಂದ 11ರ ಒಳಗೆ ಇರುತ್ತೇನೆ. ತೀರಾ ಬೇಕಾದರೆ 13. ನಂಬಿಕೆ ಬರದಿದ್ದರೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲನ್ನು ಕಿಟಕಿ ಪಕ್ಕ ಓರೆಯಾಗಿ ಒರಗಿಸಿ, ಟ್ರೈಪಾಡ್ ಮೇಲಿಂದ ಎಫ್ 4, 8, 11, 16, 22 ಹೀಗೆ ಐದು ಚಿತ್ರ ತೆಗೆಯಿರಿ. ಮಧ್ಯದ ಗೆರೆಯನ್ನೇ ಹಿಗ್ಗಿಸಿ ಹೋಲಿಸಿ. ನಿಮ್ಮ ಲೆನ್ಸ್ ಎಲ್ಲಿಗೆ ಸೋಲುತ್ತದೆ ಅನ್ನುವುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ಫ್ಲ್ಯಾಶ್ ಹಾಕಿದರೆ ಚಿತ್ರ ಕೃತಕವಾಗಿ ಕಾಣುತ್ತದೆ. ಸಹಜ ಬೆಳಕೇ ಒಳ್ಳೆಯದಲ್ವಾ?

ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ನಮ್ಮ ಬಾಲ್ಕನಿಯ ಕರಿಬೇವಿನ ಗಿಡದಲ್ಲಿ ಒಂದು ಜಿಗಿಯುವ ಜೇಡ ವಾಸವಾಗಿತ್ತು. ಸೋನಾಮಸೂರಿ ಕಾಳಿನಷ್ಟು ಉದ್ದ. ಮೊದಲು ಬರಿಯ ಫ್ಲ್ಯಾಶ್ ಹಾಕಿ ತೆಗೆದೆ. ಎದುರಿನ ಎರಡು ದೊಡ್ಡ ಕಣ್ಣುಗಳಲ್ಲಿ ಸೂಜಿಮೊನೆಯಂಥ ಎರಡು ಬಿಳಿ ಚುಕ್ಕೆ, ಉಳಿದದ್ದೆಲ್ಲ ಕಪ್ಪು. ಆಮೇಲೆ ಫ್ಲ್ಯಾಶ್ ಮುಂದೆ ಬಟರ್ ಪೇಪರ್ ಬಗ್ಗಿಸಿ ಕಟ್ಟಿ, ಅದು ಜೇಡದ ತಲೆಯ ಮೇಲೇ ಬರುವ ಹಾಗೆ ಇಟ್ಟು ತೆಗೆದೆ. ಈಗ ಕಣ್ಣಿನಲ್ಲಿ ಬಿಳಿ ಚುಕ್ಕೆಯ ಬದಲು ಮೃದುವಾದ ಬಿಳಿ ಕಿಟಕಿ ಕಂಡಿತು. ಕಣ್ಣಿನ ಒಳಗೆ ಕಂದು ಬಣ್ಣ ಇದೆ ಅಂತ ಗೊತ್ತಾಯಿತು. ಕಣ್ಣಿನ ಸುತ್ತ ರೆಪ್ಪೆಯ ಹಾಗಿದ್ದ ಕಿತ್ತಳೆ ಕೂದಲನ್ನು ಒಂದೊಂದಾಗಿ ಎಣಿಸಬಹುದಿತ್ತು. ಅದೇ ಕ್ಯಾಮೆರಾ, ಅದೇ ಲೆನ್ಸ್, ಅದೇ ಜೇಡ.

ಕೃತಕವಾಗಿ ಕಾಣುವುದು ಫ್ಲ್ಯಾಶ್‌ನಿಂದ ಅಲ್ಲ, ಬೆಳಕಿನ ಮೂಲ ಸಣ್ಣದಾಗಿರುವುದರಿಂದ. ವಸ್ತುವಿಗೆ ಹೋಲಿಸಿದರೆ ಬೆಳಕಿನ ಮೂಲ ಎಷ್ಟು ದೊಡ್ಡದೋ ಬೆಳಕು ಅಷ್ಟು ಮೃದು. ಒಂದು ಸೆಂ.ಮೀ. ಹುಳುವಿನಿಂದ ಒಂದು ಗೇಣು ದೂರದಲ್ಲಿ ಅಂಗೈಯಗಲದ ಬಟರ್ ಪೇಪರ್ ಇದ್ದರೆ ಆ ಹುಳುವಿಗೆ ಅದು ಮೋಡ ಮುಚ್ಚಿದ ಆಕಾಶ. ಅದನ್ನೇ ಎರಡು ಅಡಿ ಹಿಂದಕ್ಕೆ ಒಯ್ದರೆ ಮತ್ತೆ ಬಲ್ಬು.

ಇದಕ್ಕೆ ಖರ್ಚು ಜಾಸ್ತಿ ಇಲ್ಲ. ಅವೆನ್ಯೂ ರಸ್ತೆಯ ಸ್ಟೇಷನರಿ ಅಂಗಡಿಗಳಲ್ಲಿ ಟ್ರೇಸಿಂಗ್ ಪೇಪರ್, ಡ್ರಾಯಿಂಗ್ ಶೀಟ್ ಸಿಗುತ್ತವೆ. ಬಿಳಿ ಪ್ಲಾಸ್ಟಿಕ್ ಹಾಳೆಯೂ ಆದೀತು. ಒಂದು ಪದರದ ಬದಲು ನಡುವೆ ಎರಡು ಬೆರಳು ಜಾಗ ಬಿಟ್ಟು ಎರಡು ಪದರ ಹಾಕಿ. ಮಧ್ಯದಲ್ಲಿ ಕಣ್ಣು ಕುಕ್ಕುವ ಬೆಳಕಿನ ಚುಕ್ಕೆ ಉಳಿಯುವುದಿಲ್ಲ. ಹೊಳೆಯುವ ಜೀರುಂಡೆ, ಒಡವೆ, ನಾಣ್ಯ ತೆಗೆಯುವವರಿಗೆ ಇದು ಬೇಕೇ ಬೇಕು. ಹೊಳಪಿನ ಮೇಲೆ ಕಾಣುವುದು ನಿಮ್ಮ ಬೆಳಕಿನದೇ ಪ್ರತಿಬಿಂಬ.

ಇನ್ನೊಂದು ಲಾಭ ಇದೆ, ನನಗೆ ಇದೇ ದೊಡ್ಡದು. ಸಾಮಾನ್ಯ ಸ್ಪೀಡ್‌ಲೈಟ್, ಅಂದರೆ ಕ್ಯಾಮೆರಾ ಮೇಲೆ ಕೂರಿಸುವ ಫ್ಲ್ಯಾಶ್, ಪೂರ್ತಿ ಶಕ್ತಿಯಲ್ಲಿ ಸುಮಾರು 1/1000 ಸೆಕೆಂಡು ಉರಿಯುತ್ತದೆ. 1/16 ಶಕ್ತಿಗೆ ಇಳಿಸಿದರೆ ಸುಮಾರು 1/10,000 ಸೆಕೆಂಡು. ಚಿತ್ರದ ಬೆಳಕೆಲ್ಲ ಫ್ಲ್ಯಾಶ್‌ನಿಂದಲೇ ಬಂದರೆ ನಿಮ್ಮ ಶಟರ್ ಅದೇ ಅಂದುಕೊಳ್ಳಿ. ಕೈ ನಡುಕವೂ ನಿಲ್ಲುತ್ತದೆ, ಗೊದ್ದದ ಮೀಸೆಯೂ ನಿಲ್ಲುತ್ತದೆ. ಆದ್ದರಿಂದ ಶಟರ್ 1/200, ಎಫ್ 11, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 200ರಿಂದ 400, ಫ್ಲ್ಯಾಶ್ 1/16 ಸುತ್ತಮುತ್ತ ಇಟ್ಟು ಶುರು ಮಾಡಿ. ಹೈಸ್ಪೀಡ್ ಸಿಂಕ್ ಆನ್ ಮಾಡಬೇಡಿ. ಆಗ ಫ್ಲ್ಯಾಶ್ ಶಟರ್ ತೆರೆದಿರುವಷ್ಟೂ ಹೊತ್ತು ಮಿಡಿಯುತ್ತಾ ಇರುತ್ತದೆ, ಈ ಲಾಭವೇ ಹೋಗುತ್ತದೆ.

ಹಿನ್ನೆಲೆ ಪೂರ್ತಿ ಕಪ್ಪಾಗುತ್ತದೆ. ಏನು ಮಾಡಲಿ?

ಫ್ಲ್ಯಾಶ್ ಬೆಳಕು ಹಿಂದಿನವರೆಗೆ ತಲುಪಿಲ್ಲ ಅಷ್ಟೇ. ಹುಳುವಿನ ಹಿಂದೆ ಒಂದು ಗೇಣು ದೂರದಲ್ಲಿ ಎಲೆಯೋ ಬಣ್ಣದ ಕಾಗದವೋ ಬರುವ ಹಾಗೆ ಕೋನ ಬದಲಿಸಿ. ಇಲ್ಲವೇ ಐಎಸ್‌ಒ 800ಕ್ಕೆ ಏರಿಸಿ, ಹೊರಗಿನ ಬೆಳಕೂ ಸ್ವಲ್ಪ ಸೇರಲಿ. ಹಿನ್ನೆಲೆಯಲ್ಲಿ ಒಣ ಕಡ್ಡಿ, ಬಿಳಿ ಚುಕ್ಕೆ ಕಾಣುತ್ತಿದ್ದರೆ ಕಂಪ್ಯೂಟರಿನಲ್ಲಿ ಒರೆಸುವ ಮೊದಲು ನೀವೇ ನಾಲ್ಕು ಬೆರಳು ಪಕ್ಕಕ್ಕೆ ಸರಿಯಿರಿ. ಇಷ್ಟು ಹತ್ತಿರದಲ್ಲಿ ನಾಲ್ಕು ಬೆರಳು ಸರಿದರೆ ಹಿನ್ನೆಲೆಯೇ ಬೇರೆ.

ಟ್ರೈಪಾಡ್ ಬೇಕೇ ಬೇಕಾ?

ಹೂವು, ಅಣಬೆ, ಒಡವೆಗೆ ಬೇಕು. ಓಡಾಡುವ ಹುಳುವಿಗೆ ಟ್ರೈಪಾಡ್ ಕಾಲು ಬಿಡಿಸುವಷ್ಟರಲ್ಲಿ ಹುಳು ಇರುವುದಿಲ್ಲ. ಅಲ್ಲಿ ನನ್ನ ಎಡಗೈಯೇ ಟ್ರೈಪಾಡ್. ಹುಳು ಕೂತ ಕಡ್ಡಿಯನ್ನು ಎಡಗೈಯ ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು, ಲೆನ್ಸ್‌ನ ಮೂತಿಯನ್ನು ಅದೇ ಕೈಯ ಮಣಿಕಟ್ಟಿನ ಮೇಲೆ ಇಡಿ. ಈಗ ಕಡ್ಡಿ ಅಲುಗಾಡಿದರೆ ಕ್ಯಾಮೆರಾನೂ ಜೊತೆಗೇ ಅಲುಗಾಡುತ್ತದೆ, ಎರಡರ ನಡುವಿನ ದೂರ ಬದಲಾಗುವುದಿಲ್ಲ. ಗಾಳಿಗೂ ಇದೇ ಮದ್ದು.

ಕೈ ನಡುಕ ಸರಿಪಡಿಸುವ ಸ್ಟೆಬಿಲೈಸೇಷನ್ ಇದೆಯಲ್ಲ ಅಂತ ಕೇಳುತ್ತಾರೆ. ಇಷ್ಟು ಹತ್ತಿರದಲ್ಲಿ ಕ್ಯಾಮೆರಾ ಹಿಂದೆ ಮುಂದೆ ಸರಿಯುವುದೇ ದೊಡ್ಡ ತೊಂದರೆ. ಆ ಸರಿದಾಟವನ್ನು ಯಾವ ಸ್ಟೆಬಿಲೈಸರೂ ಸರಿ ಮಾಡುವುದಿಲ್ಲ.

ಟ್ರೈಪಾಡ್ ಬಳಸಿದಾಗ 2 ಸೆಕೆಂಡ್ ಟೈಮರ್ ಹಾಕಿ. ಒಳಗೆ ಕನ್ನಡಿ ಇರುವ ಡಿಎಸ್‌ಎಲ್‌ಆರ್ ಆದರೆ ಪರದೆ ನೋಡಿ ತೆಗೆಯುವ ಲೈವ್ ವ್ಯೂನಲ್ಲಿ ತೆಗೆಯಿರಿ, ಕನ್ನಡಿ ಬಡಿಯುವ ಅದುರು ತಪ್ಪುತ್ತದೆ.

ಆಟೊಫೋಕಸ್ ಹಿಂದೆ ಮುಂದೆ ಓಡಾಡುತ್ತಲೇ ಇರುತ್ತದೆ. ಮ್ಯಾನುಯಲ್ ಮಾಡಬೇಕಾ?

ಬಿಂಬ ವಸ್ತುವಿನ ಅರ್ಧ ಗಾತ್ರ ಆಗುವವರೆಗೆ ಈಗಿನ ಮಿರರ್‌ಲೆಸ್ (ಕನ್ನಡಿ ಇಲ್ಲದ) ಕ್ಯಾಮೆರಾಗಳ ಆಟೊಫೋಕಸ್ ಚೆನ್ನಾಗೇ ಕೆಲಸ ಮಾಡುತ್ತದೆ. ಅದಕ್ಕಿಂತ ಹತ್ತಿರ ಹೋದರೆ ಮ್ಯಾನುಯಲ್ಲೇ ನೆಮ್ಮದಿ. ಫೋಕಸ್ ರಿಂಗನ್ನು ಬೇಕಾದ ಗಾತ್ರಕ್ಕೆ ತಿರುಗಿಸಿ ಬಿಟ್ಟುಬಿಡಿ. ಆಮೇಲೆ ನಿಮ್ಮ ಮೈಯನ್ನೇ ಕೂದಲೆಳೆಯಷ್ಟು ಮುಂದಕ್ಕೆ ತನ್ನಿ. ಉಸಿರು ಪೂರ್ತಿ ಬಿಟ್ಟು, ಕಣ್ಣು ಸ್ಪಷ್ಟವಾಗುವ ಕ್ಷಣಕ್ಕೆ ಒತ್ತಿ. ಮೂರು ನಾಲ್ಕು ಸಲ ಒತ್ತಿ, ಒಂದಾದರೂ ಸಿಗುತ್ತದೆ.

ಇಲ್ಲಿ ಕೋನ ಬಹಳ ಮುಖ್ಯ. ನಿಮಗೆ ಸಿಗುವುದು ಒಂದು ಮಿ.ಮೀ. ದಪ್ಪದ ಹಾಳೆ ಅಷ್ಟೇ ಅಂದೆ. ಆ ಹಾಳೆಯನ್ನು ಎಲ್ಲಿ ಇಡುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ. ರೆಕ್ಕೆ ಮುಚ್ಚಿದ ಚಿಟ್ಟೆಯನ್ನು ಓರೆಯಿಂದ ತೆಗೆದರೆ ರೆಕ್ಕೆಯ ಒಂದು ಪಟ್ಟಿ ಮಾತ್ರ ಸ್ಪಷ್ಟ. ಸೆನ್ಸರ್ ರೆಕ್ಕೆಗೆ ಸಮಾನಾಂತರವಾಗುವ ಹಾಗೆ ಸರಿದರೆ ಅದೇ ಅಪರ್ಚರ್‌ನಲ್ಲಿ ಇಡೀ ರೆಕ್ಕೆ, ಕಣ್ಣು, ಮೀಸೆ ಎಲ್ಲಾ ಬರುತ್ತವೆ.

ಫೋಕಸ್ ಸ್ಟ್ಯಾಕಿಂಗ್ ಕಷ್ಟವಾ?

ಕಷ್ಟ ಅಲ್ಲ, ತಾಳ್ಮೆ ಬೇಕು. ಫೋಕಸನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಹಲವು ಚಿತ್ರ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನು ಸೇರಿಸುವುದು. ಫೋಟೊಶಾಪ್, ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ಈ ಕೆಲಸ ಮಾಡುತ್ತವೆ. ಎಷ್ಟೋ ಹೊಸ ಕ್ಯಾಮೆರಾಗಳು ಫೋಕಸ್ ಬ್ರಾಕೆಟಿಂಗ್‌ನಲ್ಲಿ ತಾವೇ ಫೋಕಸ್ ಸರಿಸಿಕೊಳ್ಳುತ್ತವೆ. ಸ್ಟ್ಯಾಕ್ ಮಾಡುವಾಗ ಎಫ್ 5.6 ಸಾಕು, ಡಿಫ್ರಾಕ್ಷನ್ ಕಾಟವೂ ಇಲ್ಲ. 1:1ರಲ್ಲಿ ಒಂದು ಚಿತ್ರಕ್ಕೆ ಸಿಗುವ ಆಳ ಸುಮಾರು 0.6 ಮಿ.ಮೀ. ಒಂದರ ಮೇಲೊಂದು ಸ್ವಲ್ಪ ಹಾಯುವ ಹಾಗೆ 0.4 ಮಿ.ಮೀ. ಹೆಜ್ಜೆ ಇಟ್ಟರೆ 5 ಮಿ.ಮೀ. ಹೂವಿನ ಕೇಸರಕ್ಕೆ 13 ಚಿತ್ರ ಬೇಕಾಗುತ್ತವೆ. ದೊಡ್ಡ ಪ್ರಿಂಟ್ ಹಾಕಿಸುವುದಿದ್ದರೆ ಹೆಜ್ಜೆ ಇನ್ನೂ ಸಣ್ಣದಿರಲಿ.

ಮನೆಯೊಳಗೆ ತೆಗೆಯುವಾಗ ಫ್ಯಾನ್ ಆಫ್ ಮಾಡಿ. ಇದನ್ನು ಮರೆತು ಇಡೀ ಸಂಜೆಯ ಕೆಲಸ ಹಾಳಾದದ್ದು ನನಗೆ ಗೊತ್ತು.

ಮ್ಯಾಕ್ರೊ ಲೆನ್ಸ್ ಕೊಳ್ಳುವಷ್ಟು ದುಡ್ಡಿಲ್ಲ. ಬೇರೆ ದಾರಿ ಇದೆಯಾ?

ಇದೆ, ಚೆನ್ನಾಗಿಯೇ ಇದೆ. ಎಕ್ಸ್‌ಟೆನ್ಷನ್ ಟ್ಯೂಬ್ ಅಂದರೆ ಲೆನ್ಸ್‌ಗೂ ಕ್ಯಾಮೆರಾಗೂ ನಡುವೆ ಹಾಕುವ ಬರೀ ಕೊಳವೆ, ಗಾಜೇ ಇಲ್ಲ. 12, 20, 36 ಮಿ.ಮೀ.ನ ಮೂರು ಕೊಳವೆಗಳ ಸೆಟ್ ಸಿಗುತ್ತದೆ. ಮೂರನ್ನೂ ಸೇರಿಸಿದರೆ 68 ಮಿ.ಮೀ. ಅದನ್ನು ಲೆನ್ಸ್ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಫೋಕಲ್ ಲೆಂತ್‌ನಿಂದ ಭಾಗಿಸಿದರೆ ಬಿಂಬ ವಸ್ತುವಿನ ಎಷ್ಟು ಪಟ್ಟು ಅಂತ ಸಿಗುತ್ತದೆ. 50 ಮಿ.ಮೀ. ಲೆನ್ಸ್‌ಗೆ 1.36, ಅಂದರೆ 1:1ಕ್ಕಿಂತ ಜಾಸ್ತಿ. ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಇರುವ ಟ್ಯೂಬನ್ನೇ ತಗೊಳ್ಳಿ, ಇಲ್ಲದಿದ್ದರೆ ಅಪರ್ಚರ್ ಬದಲಿಸಲು ಒದ್ದಾಡಬೇಕಾಗುತ್ತದೆ.

ನಿಮ್ಮ ಹತ್ತಿರ 55-250 ಮಿ.ಮೀ. ಥರದ ಜೂಮ್ ಲೆನ್ಸ್ ಇದ್ದರೆ ನನ್ನ ಆಯ್ಕೆ ರೇನಾಕ್ಸ್ ಡಿಸಿಆರ್-250. ಲೆನ್ಸ್ ಮೂತಿಗೆ ಕ್ಲಿಪ್ ಹಾಕುವ ಪುಟ್ಟ ಗಾಜು, ಕನ್ನಡಕದ ಪವರ್ ಲೆಕ್ಕದಲ್ಲಿ 8 ಡಯಾಪ್ಟರ್. 250 ಮಿ.ಮೀ.ಗೆ ಜೂಮ್ ಮಾಡಿದರೆ ವಸ್ತು ಸೆನ್ಸರ್ ಮೇಲೆ ಎರಡರಷ್ಟು ದೊಡ್ಡದಾಗುತ್ತದೆ. ಜೂಮ್ ಹಿಂದಕ್ಕೆ ತಂದರೆ ಕಡಿಮೆ. ಹೊಸಬರು 150 ಮಿ.ಮೀ.ನಿಂದ ಶುರು ಮಾಡಲಿ.

ಸೆಕೆಂಡ್ ಹ್ಯಾಂಡ್ ಮ್ಯಾಕ್ರೊ ಲೆನ್ಸೂ ಒಳ್ಳೆಯ ದಾರಿ. ಆದರೆ ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡದೆ ದುಡ್ಡು ಕೊಡಬೇಡಿ. ನಾನು ಅಂಗಡಿಯವರ ಮಾತು ನಂಬಿ ಒಂದು ತಂದೆ. ಮನೆಗೆ ಬಂದು ಟಾರ್ಚ್ ಬಿಟ್ಟರೆ ಹಿಂದಿನ ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಹಾಗೆ ಫಂಗಸ್ ಹಬ್ಬಿತ್ತು. ವಾಪಸ್ ತಗೊಳ್ಳಲಿಲ್ಲ.

ಮೊಬೈಲ್‌ನಲ್ಲಿ ಆಗಲ್ವಾ?

ಆಗುತ್ತದೆ. ಆಟೊಫೋಕಸ್ ಇರುವ ಅಲ್ಟ್ರಾವೈಡ್ ಕ್ಯಾಮೆರಾ ಇದ್ದರೆ ಸಾಕು. 2021ರಲ್ಲಿ ಬಂದ ಐಫೋನ್ 13 ಪ್ರೊ 2 ಸೆಂ.ಮೀ.ವರೆಗೆ ಹತ್ತಿರ ಹೋಗುತ್ತದೆ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಪ್ರತ್ಯೇಕವಾಗಿ ಕೊಡುವ 2 ಮೆಗಾಪಿಕ್ಸೆಲ್ ಮ್ಯಾಕ್ರೊ ಕ್ಯಾಮೆರಾ ಬೇಡ. ಅದಕ್ಕಿಂತ ಮುಖ್ಯ ಕ್ಯಾಮೆರಾದಲ್ಲೇ ಸ್ವಲ್ಪ ದೂರದಿಂದ ತೆಗೆದು ಕತ್ತರಿಸಿಕೊಳ್ಳಿ. ಫೋನಿನ ನೆರಳು ಹೂವಿನ ಮೇಲೆ ಬೀಳದ ಹಾಗೆ ನೋಡಿಕೊಳ್ಳಿ, ಲೆನ್ಸ್ ಒರೆಸಿಕೊಳ್ಳಿ.

ಬೆಂಗಳೂರಿನಲ್ಲಿ ಯಾವ ಕಾಲ, ಯಾವ ಜಾಗ ಒಳ್ಳೆಯದು?

ಜೂನ್, ಜುಲೈನಲ್ಲಿ ನಮ್ಮೂರಲ್ಲಿ ನಿಲ್ಲದ ಗಾಳಿ. ಆಗ ಬಯಲಿಗಿಂತ ಗೋಡೆಯ ಮರೆಯ ಗಿಡಗಳೇ ವಾಸಿ. ಮಳೆ ಜೋರಾಗಿ ಹೊಯ್ಯುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹುಳುಗಳಿಗೆ ಬರವಿಲ್ಲ. ನನಗೆ ಎಲ್ಲಕ್ಕಿಂತ ಇಷ್ಟ ಡಿಸೆಂಬರ್, ಜನವರಿ. ಚಳಿಗೆ ಹುಳುಗಳ ಮೈ ಬಿಸಿಯಾಗಿರುವುದಿಲ್ಲ, ಹಾರಲು ಆಗುವುದಿಲ್ಲ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಸೂರ್ಯ ಮೇಲೆ ಬರುವ ಮೊದಲು ಏರೋಪ್ಲೇನ್ ಚಿಟ್ಟೆ ಹುಲ್ಲಿನ ತುದಿಯಲ್ಲಿ ಕೂತಿರುತ್ತದೆ, ರೆಕ್ಕೆಯ ಪ್ರತಿ ಕೋಣೆಯಲ್ಲೂ ಒಂದೊಂದು ಇಬ್ಬನಿ ಹನಿ. ಟ್ರೈಪಾಡ್ ಇಟ್ಟು, ಆರಾಮಾಗಿ ಸ್ಟ್ಯಾಕ್ ಮಾಡುವಷ್ಟು ಹೊತ್ತು ಹಾಗೇ ಇರುತ್ತದೆ. ಬಿಸಿಲು ತಾಗಿ ರೆಕ್ಕೆ ನಡುಗಲು ಶುರುವಾದರೆ ಇನ್ನು ಕೆಲವೇ ನಿಮಿಷ.

ಲಾಲ್‌ಬಾಗ್ 240 ಎಕರೆ, ಹೂವಿನ ಮಡಿಗಳಿಗಿಂತ ಕೆರೆಯ ಅಂಚಿನ ಪೊದೆಗಳನ್ನು ನೋಡಿ. ಜನವರಿ 26 ಮತ್ತು ಆಗಸ್ಟ್ 15ರ ಆಸುಪಾಸಿನ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಹೋಗಬೇಡಿ, ಮಂಡಿಯೂರಲು ಜಾಗ ಸಿಗುವುದಿಲ್ಲ. ಬನ್ನೇರುಘಟ್ಟದ ಚಿಟ್ಟೆ ಉದ್ಯಾನದ ಗುಮ್ಮಟದೊಳಗೆ ತೇವ ಜಾಸ್ತಿ. ಎಸಿ ಕಾರಿನಿಂದ ಇಳಿದು ನೇರ ಒಳಗೆ ಹೋದರೆ ಲೆನ್ಸ್ ಮೇಲೆ ಹಬೆ ಕೂರುತ್ತದೆ. ಕ್ಯಾಮೆರಾವನ್ನು ಬ್ಯಾಗಿನಲ್ಲೇ ಇಟ್ಟು ಕಾಲು ಗಂಟೆ ಹೊರಗೆ ಕಾಯಿರಿ.

ದೂರ ಹೋಗಲೇಬೇಕು ಅಂತೇನಿಲ್ಲ. ನಿಮ್ಮ ಬಡಾವಣೆಯ ಖಾಲಿ ಸೈಟಿನಲ್ಲಿ ಎಕ್ಕದ ಗಿಡ ಇದೆಯಾ ನೋಡಿ. ಪ್ಲೇನ್ ಟೈಗರ್ ಚಿಟ್ಟೆ ಅದರ ಎಲೆಯ ಮೇಲೆ ಮೊಟ್ಟೆ ಇಡುತ್ತದೆ. ಕಪ್ಪು, ಹಳದಿ, ಬಿಳಿ ಪಟ್ಟೆಯ ಕಂಬಳಿಹುಳು ಹೊಸಬರಿಗೆ ಹೇಳಿ ಮಾಡಿಸಿದ ಹಾಗಿದೆ, ನಿಧಾನ ಪ್ರಾಣಿ. ಕರಿಬೇವು, ನಿಂಬೆ ಗಿಡದಲ್ಲಿ ಹಕ್ಕಿ ಹಿಕ್ಕೆಯಂತೆ ಕಾಣುವ ಮರಿಹುಳು ಸಿಕ್ಕರೆ ಅದು ಕಾಮನ್ ಮಾರ್ಮನ್ ಅಥವಾ ನಿಂಬೆ ಚಿಟ್ಟೆಯ ಮರಿ. ಕೆಂಪಿರುವೆ ಎಲೆ ಹೊಲಿದು ಗೂಡು ಕಟ್ಟಿದ ಮರದ ಹತ್ತಿರ ಒಂದೊಂದೇ ಇರುವೆಯನ್ನು ಗಮನಿಸಿ. ಅವುಗಳಲ್ಲಿ ಒಂದು ಮುಂದಿನ ಎರಡು ಕಾಲುಗಳನ್ನೇ ಮೀಸೆಯ ಹಾಗೆ ಎತ್ತಿ ಹಿಡಿದ ಜೇಡ ಇರಬಹುದು. ಎಂಟು ಕಾಲು ಎಣಿಸಲು, ಕಣ್ಣಿನ ಸಾಲು ಕಾಣಲು ಶಾರ್ಪ್ ಚಿತ್ರವೇ ಬೇಕು.

ಹುಳುವನ್ನು ಫ್ರಿಜ್‌ನಲ್ಲಿಟ್ಟರೆ ಅಲುಗಾಡಲ್ಲವಂತೆ, ಹೌದಾ?

ಅಲುಗಾಡುವುದಿಲ್ಲ, ಎಷ್ಟೋ ಸಲ ಸತ್ತೇ ಹೋಗುತ್ತದೆ. ದಯವಿಟ್ಟು ಮಾಡಬೇಡಿ. ಅಂಟು ಹಾಕುವುದು, ಕಾಲು ಕಟ್ಟುವುದು, ಗೂಡಿನ ಎಲೆ ಹರಿಯುವುದು ಯಾವುದೂ ಬೇಡ. ಬೆಳಗಿನ ಚಳಿಯೇ ನಿಮಗೆ ಸಿಗುವ ಫ್ರಿಜ್.

ಎಡಿಟಿಂಗ್‌ನಲ್ಲಿ ಎಷ್ಟು ಶಾರ್ಪ್ ಮಾಡಬಹುದು?

ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್‌ನಲ್ಲಿ ತೆಗೆಯಿರಿ. ಶಾರ್ಪನಿಂಗ್ ಕಣ್ಣು, ಕೂದಲಿಗೆ ಮಾತ್ರ ಹಾಕಿ, ಹಿನ್ನೆಲೆಗೆ ತಾಗದ ಹಾಗೆ ಮಾಸ್ಕ್ ಮಾಡಿ. ಹಿನ್ನೆಲೆಗೂ ಹಾಕಿದರೆ ಅಲ್ಲಿನ ನಾಯ್ಸ್ (ಮರಳಿನಂಥ ಕಾಳು ಕಾಳು) ಎದ್ದು ಕಾಣುತ್ತದೆ. ಅಂಚಿನಲ್ಲಿ ಬಿಳಿ ಗೆರೆ ಬಂದರೆ ಜಾಸ್ತಿಯಾಯಿತು ಅಂತ ಅರ್ಥ. ಎಲ್ಲಾ ಚಿತ್ರದಲ್ಲೂ ಅದೇ ಜಾಗದಲ್ಲಿ ಬೂದು ಚುಕ್ಕೆ ಕಂಡರೆ ಸೆನ್ಸರ್ ಮೇಲೆ ಧೂಳು. ಬಾಯಲ್ಲಿ ಊದಬೇಡಿ, ರಬ್ಬರ್ ಬ್ಲೋವರ್ ಬಳಸಿ.

ಮಳೆಗಾಲದಲ್ಲಿ ಲೆನ್ಸ್ ಹೇಗೆ ಕಾಪಾಡುವುದು?

ಬಟ್ಟೆ ಬೀರುವಿನಲ್ಲೋ ಚರ್ಮದ ಕೇಸ್‌ನಲ್ಲೋ ಇಡಬೇಡಿ, ಫಂಗಸ್‌ಗೆ ಅವೇ ಮನೆ. ಅಡುಗೆಮನೆಯಲ್ಲಿ ಬಳಸುವ ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಸಿಲಿಕಾ ಜೆಲ್ ಮತ್ತು ಒಂದು ಪುಟ್ಟ ತೇವಾಂಶ ಮಾಪಕ ಇಡಿ. ಮುಳ್ಳು ಶೇ 40ರಿಂದ 50ರ ನಡುವೆ ಇರಲಿ. ಬಣ್ಣ ಬದಲಿಸುವ ಜೆಲ್ ತಗೊಂಡರೆ ಒದ್ದೆಯಾದದ್ದು ಕಣ್ಣಿಗೇ ಕಾಣುತ್ತದೆ, ಬಿಸಿ ಮಾಡಿ ಮತ್ತೆ ಬಳಸಬಹುದು. ಲೆನ್ಸನ್ನು ತಿಂಗಳುಗಟ್ಟಲೆ ಸುಮ್ನೆ ಡಬ್ಬಿಯಲ್ಲಿ ಬಿಡಬೇಡಿ. ವಾರಕ್ಕೊಮ್ಮೆ ತೆಗೆದು ಬಾಲ್ಕನಿಯ ಗಿಡದ ಹತ್ತಿರ ಹೋಗಿ, ಒಂದಿಷ್ಟು ಹೊತ್ತು ಬಳಸಿ, ಒರೆಸಿ ಇಡಿ.